ಲಟಕ್ ಅಂದ ಮೇಲಿನ ಅರ್ಧ ಗಂಟೆ

ಸೊಂಟ ಹಿಡಿದುಕೊಂಡು ಬರುವವರಲ್ಲಿ ಬಹಳ ಜನ ಹೇಳುವುದು ಒಂದೇ ಮಾತು. "ಡಾಕ್ಟ್ರೇ, ಮೂಳೆ ಜರುಗಿದೆಯಂತೆ, ಒಂದ್ಸಲ ಕೂರಿಸಿಬಿಡಿ." ನಾನು ಫಿಸಿಯೋಥೆರಪಿಸ್ಟ್. ಶಿವಮೊಗ್ಗದ ಕಡೆ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ಐದು ವರ್ಷ ನಾನೂ "ಹೌದು, ಜರುಗಿದೆ, ಕೂರಿಸೋಣ" ಎನ್ನುತ್ತಿದ್ದೆ. ಬೆನ್ನಿನ ಕೀಲನ್ನು ಫಟ್ಟನೆ ತಳ್ಳುವ ವಿದ್ಯೆಯನ್ನು ನನಗೆ ಕಲಿಸಿದವರು ಹಾಗೇ ಹೇಳಿಕೊಟ್ಟಿದ್ದರು. ಮೂಳೆ ಜರುಗಿ ನರ ಒತ್ತುತ್ತದೆ, ತಳ್ಳಿದರೆ ನರ ಬಿಡುತ್ತದೆ, ಅಷ್ಟೇ.

ಇದು ಬೆನ್ನುಮೂಳೆ ತಳ್ಳಿ ವಾಸಿ ಮಾಡುತ್ತೇವೆ ಎನ್ನುವ ಕೈರೋಪ್ರಾಕ್ಟಿಕ್ ಪದ್ಧತಿ ಹುಟ್ಟಿದಾಗಿನಿಂದ ಬಂದ ಮಾತು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಅದನ್ನು ಶುರು ಮಾಡಿದ ಡಿ.ಡಿ. ಪಾಮರ್, ಕಿವಿ ಸರಿಯಾಗಿ ಕೇಳದ ಹಾರ್ವೆ ಲಿಲ್ಲಾರ್ಡ್ ಎಂಬುವರ ಬೆನ್ನುಮೂಳೆ ತಳ್ಳಿದೆ, ಕಿವಿ ಕೇಳಿಸಿತು ಎಂದು ಹೇಳಿಕೊಂಡರು. ಆದರೆ ಕಿವಿಯ ನರ ಬೆನ್ನಿನೊಳಗೆ ಇಳಿಯುವುದೇ ಇಲ್ಲ, ತಲೆಬುರುಡೆಯೊಳಗೇ ಮೆದುಳಿಗೆ ಸೇರುತ್ತದೆ.

ನನಗೆ ಅನುಮಾನ ಬಂದದ್ದು ನನ್ನದೇ ಟೇಬಲ್ ಮೇಲೆ. ಸೋಮವಾರ "ಕೂರಿಸಿದ" ಮೂಳೆ ಗುರುವಾರಕ್ಕೆ ಮತ್ತೆ "ಜರುಗಿ" ಬರುತ್ತಿತ್ತು. ಏಳದೆ ಮಲಗಿದ್ದವರಿಗೂ ಹೀಗೇ ಆದರೆ ಏನೆಂದುಕೊಳ್ಳಬೇಕು? ಆಮೇಲೆ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದೆ. 10 ಜನರ ಸೊಂಟದ ಕೆಳಗಿನ ಕೀಲನ್ನು ತಳ್ಳಿ, ಮೊದಲೂ ಆಮೇಲೂ ತುಂಬಾ ಸೂಕ್ಷ್ಮವಾದ ಎಕ್ಸ್‌ರೇ ವಿಧಾನದಲ್ಲಿ ಅಳೆದಿದ್ದರು. ಕೈಯಲ್ಲಿ ಮುಟ್ಟಿ ನೋಡುವ ಪರೀಕ್ಷೆಗಳಲ್ಲಿ ಎಲ್ಲ ಸರಿಹೋದಂತೆ ಕಂಡಿತ್ತು, ಎಕ್ಸ್‌ರೇಯಲ್ಲಿ ಮಾತ್ರ ಮೂಳೆ ಇದ್ದಲ್ಲೇ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಇದನ್ನೇ ಎಷ್ಟೋ ಜನರಿಗೆ ನಂಬಿಸಿದ್ದೆ.

ಹಾಗಾದರೆ ಹಗುರ ಆಗುವುದು ಸುಳ್ಳಾ? ಅಲ್ಲ. ಕೀಲಿನ ಸುತ್ತಲಿನ ಪೊರೆಯಲ್ಲಿ, ಸ್ನಾಯುಗಳಲ್ಲಿ ಎಳೆತ ಗುರುತಿಸುವ ಸಣ್ಣ ಸಣ್ಣ ನರತುದಿಗಳಿವೆ. ಫಟ್ಟನೆ ತಳ್ಳಿದಾಗ ಅವೆಲ್ಲ ಒಟ್ಟಿಗೆ ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಆ ಗದ್ದಲದಲ್ಲಿ ನೋವಿನ ಸುದ್ದಿ ಸ್ವಲ್ಪ ಹೊತ್ತು ತಗ್ಗುತ್ತದೆ. ಪೆಟ್ಟಾದ ಜಾಗವನ್ನು ನಾವು ಸುಮ್ನೆ ಉಜ್ಜಿಕೊಳ್ಳುತ್ತೇವಲ್ಲ, ಅದೂ ಹೀಗೇ. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲು ಇದ್ದಂತೆ ಎಂದು 1965ರಲ್ಲೇ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಹೇಳಿದ್ದರು. ಬಿಗಿದುಕೊಂಡಿದ್ದ ಸ್ನಾಯುವೂ ಸಡಿಲ ಬಿಡುತ್ತದೆ. ಲಟಕ್ ಎನ್ನುವ ಸದ್ದು ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯಂಥ ಟೊಳ್ಳು ಉಂಟಾಗುವುದರಿಂದ. ನೆಟಿಗೆ ತೆಗೆದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ, ನೋಡಿದ್ದೀರಲ್ವಾ? ಸದ್ದು ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದಲ್ಲ.

ಹೀಗೆ ನೋವು ತಗ್ಗಿ ಸಿಗುವ ತೆರಪು ಜಾಸ್ತಿ ಹೊತ್ತು ಇರುವುದಿಲ್ಲ. ಅದು ಗೊತ್ತಾದ ಮೇಲೆ ನಾನು ಕೈಯಲ್ಲಿ ಅಳತೆ ಟೇಪು ಹಿಡಿದೆ. ಅಡಿಕೆ ಸುಲಿಯುವ ಅಕ್ಕ ಒಬ್ಬರು ಬಂದರು. ಮೆಟ್ಟುಗತ್ತಿ ಮುಂದೆ ದಿನವಿಡೀ ಬಗ್ಗಿ ಕೂತು ಸೊಂಟ ಸೆಟೆದು ಹೋಗಿತ್ತು. ಮುಂದೆ ಬಗ್ಗಿದರೆ ಬೆರಳು ನೆಲದಿಂದ 38 ಸೆಂಟಿಮೀಟರ್ ಮೇಲೆ. ತಳ್ಳಿದ ತಕ್ಷಣ 21. ಮಾರನೇ ದಿನ ಅಳೆದರೆ ಮತ್ತೆ 33. ಮುಂಚಿನ ನಾನಾಗಿದ್ದರೆ ಮತ್ತೆ ತಳ್ಳುತ್ತಿದ್ದೆ, ಹತ್ತು ಸಲ ಬರಲು ಹೇಳುತ್ತಿದ್ದೆ.

ಈ ಸಲ ಎರಡನೇ ಬಾರಿ ತಳ್ಳಿ, ಟೇಬಲ್‌ನಿಂದ ಇಳಿದ ಕೂಡಲೇ ಅರ್ಧ ಗಂಟೆ ಅವರಿಂದಲೇ ಕೆಲಸ ಮಾಡಿಸಿದೆ. ನಿಧಾನಕ್ಕೆ ಬಗ್ಗುವುದು, ಹಿಂದಕ್ಕೆ ಬಾಗುವುದು, ನಡಿಗೆ, ಸೊಂಟ ಮಡಿಸದೆ ತೊಡೆಸಂದಿನಿಂದ ಬಗ್ಗಿ ಖಾಲಿ ಬುಟ್ಟಿ ಎತ್ತುವುದು. "ನೋವಿಲ್ಲದೆ ಬಗ್ಗಿದೆ ಅಂತ ಮೆದುಳಿಗೆ ಗೊತ್ತಾಗಲಿ ಅಕ್ಕಾ, ಅದಕ್ಕೇ" ಎಂದೆ. ಮನೆಯಲ್ಲೂ ಅದೇ. ಮಣೆ ಸ್ವಲ್ಪ ಎತ್ತರ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು. ನಾಲ್ಕನೇ ವಾರ 12 ಸೆಂಟಿಮೀಟರ್, ಮೂರನೇ ಸಲ ತಳ್ಳಲೇ ಇಲ್ಲ. ಸೊಂಟ ನೋವು ಎಷ್ಟೋ ಸಲ ತಾನಾಗೇ ಇಳಿಯುತ್ತದೆ, ಹಾಗಾಗಿ ಪೂರ್ತಿ ನನ್ನ ಕೈಗುಣ ಎಂದು ಹೇಳುವುದಿಲ್ಲ.

ಕೆಲವರನ್ನು ಮುಟ್ಟುವುದೇ ಇಲ್ಲ. ಕೂರುವ ಜಾಗ ಜೋಮು ಹಿಡಿದಿದೆ, ಮೂತ್ರ ಕಟ್ಟಿದೆ ಅಥವಾ ಹಿಡಿತ ತಪ್ಪಿದೆ, ಕಾಲಿನ ಬಲ ಇಳಿಯುತ್ತಿದೆ, ಬೆನ್ನು ನೋವಿನ ಜೊತೆ ಜ್ವರ ಇದೆ ಎಂದರೆ ಅದೇ ದಿನ ಆಸ್ಪತ್ರೆಗೆ ಕಳಿಸುತ್ತೇನೆ. ಕತ್ತನ್ನಂತೂ ಫಟ್ಟನೆ ತಿರುಗಿಸುವುದು ನಿಲ್ಲಿಸಿಬಿಟ್ಟಿದ್ದೇನೆ. ಮೆದುಳಿಗೆ ರಕ್ತ ಒಯ್ಯುವ ಒಂದು ನಾಳ ಕತ್ತಿನ ಮೂಳೆಗಳಲ್ಲಿರುವ ತೂತುಗಳ ಮೂಲಕವೇ ಹೋಗುತ್ತದೆ. ಅದರ ಗೋಡೆ ಸೀಳಿದರೆ ಪಾರ್ಶ್ವವಾಯು ಆಗಬಹುದು. ಅಪರೂಪವೇ ಇರಬಹುದು, ಆದರೂ ಕಟಿಂಗ್ ಶಾಪ್‌ನಲ್ಲಿ ಯಾರಾದರೂ ಕತ್ತು ತಿರುವಿಸಿಕೊಳ್ಳುವುದು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಎದ್ದು ಹೋಗಿ ಬೇಡ ಎನ್ನುತ್ತೇನೆ.

"ಸರ್, ಕತ್ತೂ ಒಂದ್ಸಲ ಲಟಕ್ ಅನ್ನಿಸಿ" ಎಂದು ಕೇಳುವವರು ಈಗಲೂ ಬರುತ್ತಾರೆ. ಅವರನ್ನು ಕೂರಿಸಿ, ಗಲ್ಲಕ್ಕೆ ಎರಡು ಬೆರಳು ಕೊಟ್ಟು, "ನೀವೇ ನಿಧಾನವಾಗಿ ತಿರುಗಿಸಿ, ಎಲ್ಲಿ ಹಿಡಿಯುತ್ತೋ ಅಲ್ಲಿ ನಿಲ್ಲಿಸಿ" ಎನ್ನುತ್ತೇನೆ.