ಇನ್ಶೂರೆನ್ಸ್ ಕೆಲಸದ ಮೇಲ್‌ಗಳನ್ನು ನಾನು ಜರಡಿ ಹಿಡಿದ ಬಗೆ

ಹೋದ ತಿಂಗಳು ಆದಾಯ ತೆರಿಗೆಯ ನನ್ನ ದಾಖಲೆ, 26ಎಎಸ್, ಪ್ರಿಂಟ್ ತೆಗೆದು ಅಣ್ಣನ ಮುಂದೆ ಇಟ್ಟೆ. ಇನ್ಶೂರೆನ್ಸ್ ಕಮಿಷನ್ನಿನ ಕಲಮು 194ಡಿ ಅಡಿಯಲ್ಲಿ ಕಂಪನಿಯ ಹೆಸರು, ಕಮಿಷನ್ ಮೊತ್ತ, ಅದರಲ್ಲಿ ಮೊದಲೇ ಹಿಡಿದ ತೆರಿಗೆ (ಟಿಡಿಎಸ್) ಎಲ್ಲ ಸಾಲಾಗಿ ಇತ್ತು. ಎರಡನೇ ವರ್ಷದ ಕಮಿಷನ್ ಹತ್ತಿರ ಹತ್ತಿರ 2 ಲಕ್ಷ 70 ಸಾವಿರ. ಅಣ್ಣ ಎರಡು ಸಲ ಓದಿದ. "ಮೇಲ್‌ನಾಗ ಬರೋ ಇನ್ಶೂರೆನ್ಸ್ ಕೆಲಸ ಎಲ್ಲ ಮೋಸ, ಡಿಲೀಟ್ ಮಾಡು" ಅಂತ ಮೂರು ವರ್ಷದ ಹಿಂದೆ ಹೇಳಿದ್ದವನು ಅವನೇ. ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ನನ್ನ ಜೊತೆ ಲೆಕ್ಕ ಬರೆಯುತ್ತಿದ್ದವರೂ ಅದನ್ನೇ ಹೇಳುತ್ತಿದ್ದರು. ನನಗೆ ಈ ಕೆಲಸ ಸಿಕ್ಕಿದ್ದು ಅಂಥದ್ದೇ ಒಂದು ಮೇಲ್‌ನಿಂದ. ನಾನು ಕೇಳದೆ ಬಂದದ್ದು. ಸಂಬಳ ಇಲ್ಲ, ಬರೀ ಕಮಿಷನ್.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ.

ಬಿ.ಕಾಂ. ಮುಗಿಸಿ ಮಿಲ್ಲಿಗೆ ಸೇರಿದವನು ನಾನು. ಸಂಬಳ ಸಾಲದೆ ನಾಲ್ಕೈದು ಜಾಬ್ ಸೈಟುಗಳಲ್ಲಿ ರೆಸ್ಯೂಮೆ ಹಾಕಿದೆ. ವಾರದೊಳಗೆ "ನೀವು ಶಾರ್ಟ್‌ಲಿಸ್ಟ್ ಆಗಿದ್ದೀರಿ" ಅಂತ ಮೇಲ್ ಬಂತು. ರಿಲೇಷನ್‌ಶಿಪ್ ಮ್ಯಾನೇಜರ್ ಹುದ್ದೆ, 22,000 ಫಿಕ್ಸೆಡ್. ಸಂದರ್ಶನ ಬಳ್ಳಾರಿಯಲ್ಲಿ. ಆಗ ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿತ್ತು, ಹೊಸಪೇಟೆ ಸುತ್ತಿಕೊಂಡು ಹೋದೆ. ಎರಡನೇ ಮಹಡಿಯ ಒಂದು ಹಾಲ್, ನಲವತ್ತು ಕುರ್ಚಿ. ಎಲ್ಲರೂ ಶಾರ್ಟ್‌ಲಿಸ್ಟ್ ಆದವರೇ. ಟ್ರೈನಿಂಗ್ ಕಿಟ್ ಅಂತ 2,400 ರೂಪಾಯಿಯನ್ನು ಯಾರದೋ ಮೊಬೈಲ್ ನಂಬರಿಗೆ ಹಾಕಿಸಿಕೊಂಡರು. ಕೈಗೆ ಬಂದದ್ದು ಒಂದು ಫೈಲು, ಎರಡು ಕರಪತ್ರ. ಹದಿನೈದು ದಿನಕ್ಕೆ ಆ ನಂಬರ್ ಬಂದ್.

ಎರಡನೇ ಏಟು ಇದಕ್ಕಿಂತ ದೊಡ್ಡದು. ಈ ಸಲದ ಮೇಲ್ ನಿಜವಾದದ್ದು, ಆಫೀಸೂ ನಿಜ, ಪಾಲಿಸಿಗಳೂ ನಿಜ. ಆದರೆ "ನಿಮ್ಮ ಕೋಡ್ ಬರೋದು ತಡ ಆಗುತ್ತೆ, ಅಲ್ಲಿವರೆಗೆ ಬೇರೆಯವರ ಕೋಡ್‌ನಲ್ಲಿ ಲಾಗಿನ್ ಮಾಡೋಣ" ಅಂದರು. ಕೋಡ್ ಅಂದರೆ ಏಜೆಂಟಿನ ನಂಬರ್, ಪಾಲಿಸಿ ಯಾರ ನಂಬರಿನಲ್ಲಿ ಲಾಗಿನ್ ಆಗಿ ದಾಖಲಾಗುತ್ತದೋ ಕಮಿಷನ್ ಅವರಿಗೆ. ನಾನು ಒಪ್ಪಿದೆ. ಏಳು ತಿಂಗಳಲ್ಲಿ ಐದು ಪಾಲಿಸಿ ಮಾಡಿಸಿದೆ, ಒಟ್ಟು ಪ್ರೀಮಿಯಂ ಸುಮಾರು 1 ಲಕ್ಷ 30 ಸಾವಿರ. ನೂರಕ್ಕೆ ಇಪ್ಪತ್ತೈದು ಹಿಡಿದರೂ 32,000 ಬರಬೇಕು. ಕೈಗೆ ಬಂದದ್ದು 6,000. ಕೇಳಿದರೆ ಕೋಡ್ ಯಾರದೋ ಅವರನ್ನೇ ಕೇಳಿ ಅಂದರು. ಸೋದರಮಾವನ ಮೊದಲ ಪ್ರೀಮಿಯಂನಲ್ಲಿ 9,000 ನಾನೇ ಕಟ್ಟಿದ್ದೆ. ಹಾಗೆ ಕಟ್ಟುವುದು ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ತಪ್ಪು. ಅದು ರಿಬೇಟ್. ಇವತ್ತು ಯಾರಿಗೂ ಹಾಗೆ ಮಾಡಲು ಬಿಡುವುದಿಲ್ಲ. ಮರುವರ್ಷ ಮಾವನ ಪಾಲಿಸಿ ಲ್ಯಾಪ್ಸ್ ಆಯಿತು. ಪೆಟ್ರೋಲ್, ಜೆರಾಕ್ಸ್, ಚಹಾ ಎಲ್ಲ ಸೇರಿ ಆ ಏಳು ತಿಂಗಳಲ್ಲಿ ಇಪ್ಪತ್ತೈದು ಸಾವಿರದ ಮೇಲೆ ಹೋಯಿತು. ಮಾವ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಅದೇ.

ಇಷ್ಟಾದ ಮೇಲೂ ಮೇಲ್ ಬರುವುದು ನಿಲ್ಲಲಿಲ್ಲ. ಡಿಲೀಟ್ ಮಾಡುವ ಬದಲು ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕುತ್ತಾ ಹೋದೆ. ಹದಿನಾಲ್ಕು ತಿಂಗಳಲ್ಲಿ 160ರ ಹತ್ತಿರ ಆಯಿತು.

ಮೊದಲ ಮೂರು ತಿಂಗಳು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೇಲ್ ತೆರೆದು ಹೆಡರ್ ನೋಡುವುದು, ಕಳಿಸಿದ ಡೊಮೈನ್ ಅಸಲಿಯೇ ಅಂತ ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್ ಪಾಸ್ ಆಗಿದೆಯಾ ನೋಡುವುದು, ಡೊಮೈನ್ ನೋಂದಣಿ ತೋರಿಸುವ ಹೂಈಸ್‌ನಲ್ಲಿ ಅದನ್ನು ಯಾವಾಗ ತೆಗೆದುಕೊಂಡರು ಅಂತ ಹುಡುಕುವುದು. ಎಕ್ಸೆಲ್ ಶೀಟ್ ಮಾಡಿ ಅಂಕ ಕೊಟ್ಟೆ. ಆ ಮೂರು ತಿಂಗಳು ದಂಡ. ಮೋಸ ಮಾಡುವವರು ಕೂಡ ಡೊಮೈನ್ ಕೊಂಡು ಅರ್ಧ ದಿನದಲ್ಲಿ ಎಲ್ಲ ಸರಿಯಾಗಿ ಸೆಟ್ ಮಾಡಿರುತ್ತಾರೆ. ಇತ್ತ ನಿಜವಾದ ಬ್ರಾಂಚ್ ಮ್ಯಾನೇಜರ್ ಸ್ವಂತ ಜಿಮೇಲ್‌ನಿಂದ, ಕಾಗುಣಿತ ತಪ್ಪು ಮಾಡಿ ಬರೆಯುತ್ತಾನೆ. ಈಗ ನಾನಿರುವ ಕಂಪನಿಯ ಮೇಲ್ ನನ್ನ ಶೀಟಿನಲ್ಲಿ ನೂರಕ್ಕೆ 20 ಅಂಕ ಪಡೆದು ಕಸದ ಬುಟ್ಟಿಗೆ ಹೋಗಿತ್ತು. ಹೆಡರ್ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಕಂಪನಿಯ ಹೆಸರು ಹಾಕಿಕೊಂಡು ಬೇರೆ ಡೊಮೈನ್‌ನಿಂದ ಬಂದದ್ದನ್ನು ಅಲ್ಲೇ ಎಸೆಯಬಹುದು. ಅದರಾಚೆಗೆ ಅದು ಏನೂ ಹೇಳುವುದಿಲ್ಲ.

ಆಮೇಲೆ ಮೇಲ್‌ನಲ್ಲಿರುವ ಆದಾಯವನ್ನು ಪಾಲಿಸಿಗೆ ತಿರುಗಿಸಿ ನೋಡಲು ಶುರು ಮಾಡಿದೆ. "ತಿಂಗಳಿಗೆ 50,000 ಗಳಿಸಿ" ಅಂತ ಇದೆ ಅಂದುಕೊಳ್ಳಿ. ಮೊದಲ ವರ್ಷದ ಕಮಿಷನ್ 25% ಅಂದರೆ ತಿಂಗಳಿಗೆ 2 ಲಕ್ಷ ಹೊಸ ಪ್ರೀಮಿಯಂ ಬೇಕು. ನಮ್ಮ ಕಡೆ ಒಂದು ಮನೆಯಿಂದ ವರ್ಷಕ್ಕೆ 24,000 ಪ್ರೀಮಿಯಂ ಸಿಕ್ಕರೆ ದೊಡ್ಡ ಮಾತು. ಅಂದರೆ ತಿಂಗಳಿಗೆ ಸುಮಾರು ಎಂಟು ಪಾಲಿಸಿ. ಭತ್ತದ ದುಡ್ಡು ಕೈಗೆ ಬರುವುದು ವರ್ಷಕ್ಕೆ ಎರಡು ಸಲ, ಅದೂ ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಟ್ಟರೆ. ಕಾರಟಗಿಯಲ್ಲಿ ಆಷಾಢದಲ್ಲಿ ಎಂಟು ಪಾಲಿಸಿ ಮಾಡಿ ತೋರಿಸಲಿ ನೋಡೋಣ. ಈ ಒಂದು ಲೆಕ್ಕಕ್ಕೇ ಮೂರನೇ ಒಂದು ಭಾಗ ಮೇಲ್ ಬಿದ್ದುಹೋದವು. "ನಿಮ್ಮ ಕೆಳಗೆ ಮೂರು ಜನರನ್ನು ಸೇರಿಸಿ" ಅನ್ನುವ ಸಾಲಿದ್ದರೆ ಲೆಕ್ಕವೂ ಬೇಡ. 2015ರ ತಿದ್ದುಪಡಿಯ ನಂತರ ವಿಮೆಯಲ್ಲಿ ಮಲ್ಟಿ ಲೆವೆಲ್‌ಗೆ ಕಾನೂನಿನಲ್ಲೇ ಜಾಗ ಇಲ್ಲ.

ಉಳಿದವಕ್ಕೆ ನಾನು ವಾಪಸ್ ಬರೆದೆ. ಎಲ್ಲರೂ ನಕ್ಕಿದ್ದು ಇದಕ್ಕೇ. "ಅವರು ಸಾವಿರ ಜನಕ್ಕೆ ಕಳಿಸಿರ್ತಾರೆ, ನಿನಗೆ ಯಾರು ಉತ್ತರ ಕೊಡ್ತಾರೆ" ಅಂದರು. ಮಿಲ್ಲಿಗೆ ಲಾರಿ ಬಂದಾಗ ಖರೀದಿದಾರ ಚೀಲದ ಮೇಲಿನ ಅಕ್ಷರ ಓದುವುದಿಲ್ಲ. ಬಂಬು ಚುಚ್ಚಿ ಒಂದು ಹಿಡಿ ಭತ್ತ ತೆಗೆದು ಅಂಗೈಯಲ್ಲಿ ಉಜ್ಜುತ್ತಾನೆ. ಮಿಲ್ಲಿನಲ್ಲಿ ಎಂಟು ವರ್ಷ ಅದನ್ನೇ ನೋಡಿದವನು ನಾನು.

ನನ್ನ ಉತ್ತರದಲ್ಲಿ ಮೂರೇ ಪ್ರಶ್ನೆ. ನೇಮಕಾತಿ ಪತ್ರ ಯಾವ ಕಂಪನಿಯದು, ಅದರಲ್ಲಿ ನಾನು ಏಜೆಂಟೋ, ಪಿಓಎಸ್ಸೋ (ಸರಳ ಪಾಲಿಸಿ ಮಾರುವ ಪಾಯಿಂಟ್ ಆಫ್ ಸೇಲ್ ವ್ಯಕ್ತಿ), ಸಂಬಳದ ಆನ್‌ರೋಲ್ ನೌಕರನೋ? ಮೊದಲ ಪಾಲಿಸಿ ಲಾಗಿನ್ ಆಗುವ ದಿನ ಕೋಡ್ ನನ್ನ ಪ್ಯಾನ್ ಮೇಲೆ ಇರುತ್ತದಾ? ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ, ಯಾರ ಖಾತೆಗೆ? ಪ್ರಶ್ನೆಗಳು ಸುಮ್ನೆ ಸರಳವಾಗಿ ಕಾಣುತ್ತವೆ. ಆದರೆ ಮೊದಲನೆಯದಕ್ಕೆ ಉತ್ತರ ಕೊಟ್ಟ ಕೂಡಲೇ "ರಿಲೇಷನ್‌ಶಿಪ್ ಮ್ಯಾನೇಜರ್" ಅನ್ನುವ ಹೆಸರು ಕಳಚಿ ಬೀಳುತ್ತದೆ. ಏಜೆಂಟ್ ಅಂತ ಹೇಳಿ ನಾಲ್ಕು ಜೀವ ವಿಮಾ ಕಂಪನಿಗಳ ಪಾಲಿಸಿ ಮಾರಬಹುದು ಅಂದರೆ ಸುಳ್ಳು. ಏಜೆಂಟಿಗೆ ಒಂದೇ ಜೀವ ವಿಮಾ ಕಂಪನಿ. ಬ್ರೋಕರ್ ಕೈಕೆಳಗೆ ಪಿಓಎಸ್ ಆದರೆ ಮಾತು ಬೇರೆ.

ಮೂರನೆಯದರ ಬಗ್ಗೆ ಒಂದು ಮಾತು. ದುಡ್ಡು ಕೇಳಿದರೆ ಮೋಸ ಅನ್ನುವ ಸಲಹೆ ಅರ್ಧ ಮಾತ್ರ ಸರಿ. ಏಜೆಂಟ್ ಆಗಲು ಬರೆಯುವ ಐಸಿ-38 ಪರೀಕ್ಷೆಗೆ ಕೆಲವು ನೂರು ರೂಪಾಯಿ ಫೀ ಇದೆ. ಕೆಲವರು ತಾವೇ ಕಟ್ಟುತ್ತಾರೆ, ಕೆಲವರು ನಮ್ಮಿಂದ ಕಟ್ಟಿಸುತ್ತಾರೆ. ಅದು ರಸೀದಿ ಸಮೇತ ಸರಿಯಾದ ಖಾತೆಗೆ ಹೋದರೆ ತಕರಾರಿಲ್ಲ. ಯಾರದೋ ಸ್ವಂತ ಯುಪಿಐಗೆ ಹೋಗುತ್ತದೆ ಅಂದರೆ ಅಲ್ಲಿಗೆ ಮುಗಿಯಿತು. ಹೆಂಗಸರನ್ನು ಏಜೆಂಟ್ ಮಾಡುವ ಎಲ್‌ಐಸಿಯ ಯೋಜನೆ ಬಿಮಾ ಸಖಿ 2024ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಆ ಹೆಸರು ಹಾಕಿಕೊಂಡ ಒಂದು ಮೇಲ್ ನನ್ನ ತಂಗಿಗೆ ಬಂತು. ನೋಂದಣಿಗೆ 999 ಕೇಳಿದ್ದರು. ನಿಜವಾದ ಯೋಜನೆಯಲ್ಲಿ ಅವರೇ ತಿಂಗಳಿಗೆ ಮೊದಲ ವರ್ಷ 7,000, ಆಮೇಲೆ 6,000, 5,000 ಸ್ಟೈಪೆಂಡ್ ಕೊಡುತ್ತಾರೆ. ತಂಗಿ ಕಳಿಸಲಿಲ್ಲ.

ಸುಮಾರು 105 ಜನಕ್ಕೆ ಬರೆದೆ. ಉತ್ತರ ಬಂದದ್ದು ಮೂವತ್ತರ ಆಸುಪಾಸು. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ "ಆಫೀಸಿಗೆ ಬನ್ನಿ, ಎಲ್ಲ ವಿವರ ಹೇಳುತ್ತೇವೆ" ಅನ್ನುವ ಒಂದೇ ಸಾಲು. ಮೂರಕ್ಕೂ ನೇರ ಉತ್ತರ ಕೊಟ್ಟವರು ಐದು ಜನ. ನಾಲ್ವರನ್ನು ಹೋಗಿ ಕಂಡೆ. ಬೇಗ ಉತ್ತರ ಬರಲಿ ಅಂತ ತಿಂಗಳಿನ ಯಾವ ದಿನ ಬರೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎದುರು ಕೂತಾಗ ಕೇಳುವ ನಾಲ್ಕನೇ ಪ್ರಶ್ನೆಯೂ ಒಂದಿದೆ. ಅದನ್ನೂ ಬರೆಯುವುದಿಲ್ಲ, ಬರೆದರೆ ಉತ್ತರ ತಯಾರು ಮಾಡಿಟ್ಟುಕೊಳ್ಳುತ್ತಾರೆ.

ಈ ನಡುವೆ ಒಂದೆರಡು ಪ್ರಯೋಗ ಮಾಡಿದೆ. ಜಿಮೇಲ್ ವಿಳಾಸದಲ್ಲಿ ಪ್ಲಸ್ ಚಿಹ್ನೆ ಹಾಕಿ ಒಂದೊಂದು ಸೈಟಿಗೆ ಒಂದೊಂದು ಗುರುತು ಕೊಟ್ಟೆ. ಒಂದು ಸೈಟು ಪ್ಲಸ್ ಒಪ್ಪಲಿಲ್ಲ, ಉಳಿದವು ಒಪ್ಪಿದವು. ಆಮೇಲೆ ಬಂದ ಮೇಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗುರುತಿಗೆ ಬರುತ್ತಿದ್ದವು. ಅಲ್ಲಿಂದ ರೆಸ್ಯೂಮೆ ತೆಗೆದ ಮೇಲೂ ಐದು ತಿಂಗಳು ಬಂದವು. ಹೊಸಪೇಟೆಯ ಒಂದು ಸೆಮಿನಾರಿನಲ್ಲಿ ಕಾಗದದ ಫಾರ್ಮಿನ ಮೇಲೆ ಪೆನ್ನಿನಿಂದ ಬರೆದ ಗುರುತಿಗೂ ಹನ್ನೊಂದು ಬೇರೆ ಬೇರೆ ಕಡೆಯಿಂದ ಮೇಲ್ ಬಂತು! ಇನ್ನೊಂದು ಪ್ರಯೋಗ ಗೆಳೆಯನ ಜೊತೆ. ಅವನು ಐಟಿಐ ವೆಲ್ಡರ್, ತೋರಣಗಲ್ಲಿನಲ್ಲಿ ಕೆಲಸ. ಅವನ ರೆಸ್ಯೂಮೆಯನ್ನು ಅದೇ ಸೈಟಿಗೆ ಹಾಕಿದೆವು. "ನಿಮ್ಮ ಅನುಭವ ನಮ್ಮ ಹುದ್ದೆಗೆ ಹೇಳಿ ಮಾಡಿಸಿದಂತಿದೆ" ಅಂತ ನನಗೆ ಬಂದ ಮೇಲ್ ಅಕ್ಷರವೂ ಬದಲಾಗದೆ ಅವನಿಗೂ ಬಂತು. ಅವತ್ತಿನಿಂದ "ಶಾರ್ಟ್‌ಲಿಸ್ಟ್" ಅನ್ನುವ ಪದ ನನ್ನ ಕಣ್ಣಿಗೆ ಕಾಣುವುದೇ ಇಲ್ಲ.

ನಾಲ್ವರಲ್ಲಿ ಮೂವರು ಮೊದಲ ಭೇಟಿಯಲ್ಲೇ ನೂರು ಹೆಸರಿನ ಪಟ್ಟಿ ಕೇಳಿದರು. ಬಂಧು, ಗೆಳೆಯರು, ಅವರ ನಂಬರು. ಕೋಡ್ ಬರುವ ಮೊದಲು ಪಟ್ಟಿ ಕೊಟ್ಟರೆ ಆ ನೂರು ಜನ ಅವರ ಗಿರಾಕಿಗಳು. ನಾನು ಕೊಡಲಿಲ್ಲ. ನಾಲ್ಕನೆಯವರು ನನ್ನ ಶೀಟಿನಲ್ಲಿ 20 ಅಂಕ ಪಡೆದಿದ್ದ ಆ ಜಿಮೇಲ್‌ನವರು. ಅವರ ಎರಡನೇ ಮೇಲ್ ಬಂದಾಗ ನಾನು ಪ್ರಶ್ನೆ ಕಳಿಸಿದ್ದೆ. ಕೊಪ್ಪಳದಲ್ಲಿ ಅರ್ಧ ಗಂಟೆ ಕೂತು ಕಮಿಷನ್ ಚಾರ್ಟ್ ಬಿಡಿಸಿದರು. ಮೊದಲ ವರ್ಷ 25, ಎರಡು ಮೂರಕ್ಕೆ ಏಳೂವರೆ, ಆಮೇಲೆ 5. ಪಾಲಿಸಿ ಬೇಡವೆಂದರೆ ಹಿಂದಿರುಗಿಸಲು ಶುರುವಿನಲ್ಲಿ ಇರುವ ಫ್ರೀ ಲುಕ್ ಅವಧಿಯಲ್ಲಿ ಗಿರಾಕಿ ವಾಪಸ್ ಕೊಟ್ಟರೆ ಕಮಿಷನ್ ಹಿಂದಕ್ಕೆ ಹೋಗುತ್ತದೆ ಅಂತಲೂ ನಾನು ಕೇಳುವ ಮೊದಲೇ ಹೇಳಿದರು. "ಮೊದಲ ಆರು ತಿಂಗಳು ಇದರಿಂದ ಮನೆ ನಡೆಯಲ್ಲ, ಮಿಲ್ ಕೆಲಸ ಬಿಡಬೇಡಿ" ಅಂದರು. ಮೇಲ್ ಕಳಿಸಿದವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಬಳ್ಳಾರಿಯಲ್ಲಿ ಪರೀಕ್ಷೆ ಬರೆದೆ. ಐವತ್ತು ಪ್ರಶ್ನೆ, ಒಂದು ಗಂಟೆ, 43 ಸರಿ. ಕೋಡ್ ಬಂದ ದಿನ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಪೋರ್ಟಲ್‌ನಲ್ಲಿ ನನ್ನ ಪ್ಯಾನ್ ಹಾಕಿ ನೋಡಿ, ಹೆಸರು ಕಂಡ ಮೇಲೇ ಮೊದಲ ಪಾಲಿಸಿ ಮಾಡಿಸಿದೆ. ಮಿಲ್ಲಿನಲ್ಲಿ ಅರ್ಧ ದಿನದ ಕೆಲಸ ಇಟ್ಟುಕೊಂಡೆ, 9,000 ಬರುತ್ತಿತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಎರಡು ತಿಂಗಳು ಯಾರೂ ಸಹಿ ಹಾಕಲಿಲ್ಲ, ಮಿಲ್ಲಿನ 9,000ವೇ ಮನೆ ನಡೆಸಿತು. ಮೊದಲ ವರ್ಷ ಕಮಿಷನ್ 1 ಲಕ್ಷ 40 ಸಾವಿರದ ಹತ್ತಿರ, ಖರ್ಚು 40,000. ಟಿಡಿಎಸ್ ಆಗ 5% ಇತ್ತು, 2025ರ ಏಪ್ರಿಲ್‌ನಿಂದ 2%. ಎರಡನೇ ವರ್ಷ ರಿನ್ಯೂವಲ್, ಅಂದರೆ ಹಳೆ ಪಾಲಿಸಿಗಳ ಮುಂದಿನ ಪ್ರೀಮಿಯಂ ಮೇಲಿನ ಕಮಿಷನ್, ಸೇರಿತು. ನನ್ನ ಪಾಲಿಸಿಗಳಲ್ಲಿ ಹತ್ತಕ್ಕೆ ಒಂಬತ್ತು ಹದಿಮೂರನೇ ತಿಂಗಳು ದಾಟಿವೆ, ಅಂದರೆ ಎರಡನೇ ವರ್ಷದ ಪ್ರೀಮಿಯಂ ಕಟ್ಟಿಸಿಕೊಂಡು ಉಳಿದಿವೆ. ಬ್ರಾಂಚಿನಲ್ಲಿ ಹೊಸಬರ ಪೈಕಿ ಅಷ್ಟು ಉಳಿಸಿಕೊಂಡವನು ನಾನೊಬ್ಬನೇ ಅಂತ ಮ್ಯಾನೇಜರ್ ಹೇಳುತ್ತಾರೆ. ಪ್ರೀಮಿಯಂ ತಾರೀಕನ್ನು ಕಟಾವಿಗೆ ಹೊಂದಿಸಿದ್ದೇ ಅದಕ್ಕೆ ಕಾರಣ.

ಮಾವ ಈ ಯುಗಾದಿಗೆ ಬಂದಿದ್ದರು. ಹೊಸ ಪಾಲಿಸಿ ಮಾಡಿಸು ಅಂದರು. ಪ್ರೀಮಿಯಂ ಪೂರ್ತಿ ಅವರೇ ಕಟ್ಟುತ್ತೇನೆ ಅಂದ ಮೇಲೆ ಫಾರ್ಮ್ ತೆಗೆದೆ.

ಈಗ ಕಾರಟಗಿಯ ಇಬ್ಬರು ಹುಡುಗರು ತಮಗೆ ಬಂದ ಮೇಲ್‌ಗಳನ್ನು ನನಗೆ ಕಳಿಸುತ್ತಾರೆ. ಒಬ್ಬನ ಕೈಯಲ್ಲಿ ಮೂರು ಪ್ರಶ್ನೆ ಬರೆಸಿ ಹನ್ನೊಂದು ದಿನ ಆಯಿತು, ಇನ್ನೂ ಉತ್ತರ ಇಲ್ಲ. ಇನ್ನೊಬ್ಬನಿಗೆ ನಿನ್ನೆ ಬಂದಿದೆ, ಎರಡು ಪ್ರಶ್ನೆಗೆ ಮಾತ್ರ. ಕೋಡ್‌ನ ಪ್ರಶ್ನೆ ಬಿಟ್ಟಿದ್ದಾರೆ. ಅದೊಂದನ್ನೇ ಮತ್ತೆ ಬರೆದು ಕಳಿಸು ಅಂತ ಹೇಳಿದ್ದೇನೆ.