ನೀ ಪ್ಯಾಡ್ ಕೊಳ್ಳುವ ಮುಂಚೆ ಮಂಡಿ ಮಡಚಿ ನೋಡಿ

ಮೌಂಟನ್ ಬೈಕಿಂಗ್‌ಗೆ (ಗುಡ್ಡಗಾಡಿನ ಸೈಕಲ್ ಸವಾರಿಗೆ) ನೀ ಪ್ಯಾಡ್, ಅಂದರೆ ಮಂಡಿಗೆ ಪೆಟ್ಟಾಗದಂತೆ ಹಾಕುವ ಪ್ಯಾಡ್, ತಗೊಳ್ಳುವವರು ಅದನ್ನು ಹಾಕಿಕೊಂಡು ಸುಮ್ನೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸೈಕಲ್ ಹತ್ತಿ ಪೆಡಲ್ ತುಳಿಯಿರಿ. ಆಗದಿದ್ದರೆ ಹತ್ತಿಪ್ಪತ್ತು ಸಲ ಕುಕ್ಕರಗಾಲಲ್ಲಿ ಕೂತು ಏಳಿ. ಮಂಡಿಯ ಹಿಂದೆ ಬಟ್ಟೆ ಮುದುಡಿ ಚರ್ಮಕ್ಕೆ ಉಜ್ಜಿದರೆ ಅದು ಬೇಡವೇ ಬೇಡ. ಕೆಳಕ್ಕೆ ಜಾರಿದರೂ ಅಷ್ಟೇ. ಬೀಳುವಾಗ ಪ್ಯಾಡ್ ಮಂಡಿಚಿಪ್ಪಿನ ಮೇಲೆ ಇರದಿದ್ದರೆ ಏನು ಪ್ರಯೋಜನ, ಅಲ್ವಾ? ತೊಡೆ ಕಡೆಯ ಅಂಚಿನ ಒಳಗೆ ಸಿಲಿಕೋನ್ ಪಟ್ಟಿ ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಸೈಜ್ ಮಾತ್ರ ಅಂದಾಜಿನಲ್ಲಿ ಬೇಡ, ಟೇಪ್ ಹಿಡಿದು ಅಳೆದು ಕಂಪನಿಯ ಚಾರ್ಟ್ ನೋಡಿ.

ಲೇಬಲ್‌ನಲ್ಲಿ ಇಎನ್ 1621-1 ಅಂತ ಇರಲಿ, ಇದು ಪೆಟ್ಟು ತಡೆಯುವ ಪ್ಯಾಡ್‌ಗಳಿಗಿರುವ ಯುರೋಪಿನ ಮಾನದಂಡ. ಇದರಲ್ಲಿ ಎರಡು ಲೆವೆಲ್ ಇವೆ. ಲೆವೆಲ್ 2 ಪೆಟ್ಟನ್ನು ಜಾಸ್ತಿ ತಡೆಯುತ್ತದೆ, ಆದರೆ ಸಾಮಾನ್ಯವಾಗಿ ದಪ್ಪ, ಸೆಕೆಯೂ ಜಾಸ್ತಿ. ಏರು ಹತ್ತುವುದೇ ಹೆಚ್ಚಿದ್ದರೆ ಲೆವೆಲ್ 1ರ ತೆಳು ಪ್ಯಾಡನ್ನೇ ನಾನು ಹೇಳುತ್ತೇನೆ.