ನಡುವೆ ನಿಲ್ಲುವವರನ್ನು ನೋಡಿಕೊಳ್ಳುವ ಕೆಲಸ: ನನ್ನ ಅನುಭವ

ವಿದ್ಯಾರ್ಥಿ ವಿನಿಮಯ ಸಂಸ್ಥೆಯೊಂದರ ಮೈಸೂರು ಘಟಕದಲ್ಲಿ ವಾಲಂಟಿಯರ್‌ಗಳ ಜವಾಬ್ದಾರಿ ನನ್ನದು. ಇಟಲಿ, ಜರ್ಮನಿ, ಥಾಯ್ಲೆಂಡ್ ಕಡೆಯಿಂದ ಹದಿನಾರು ಹದಿನೇಳರ ಮಕ್ಕಳು ಬರುತ್ತಾರೆ. ಇಲ್ಲಿನ ಮನೆಯೊಂದರಲ್ಲಿ ಮನೆಮಕ್ಕಳ ಹಾಗೆ ಇದ್ದು, ಇಲ್ಲಿನ ಶಾಲೆಗೇ ಹೋಗುತ್ತಾರೆ. ಆ ಮಗುವಿಗೂ ಹೋಸ್ಟ್ ಮನೆಯವರಿಗೂ ನಡುವೆ ಒಬ್ಬ ವಾಲಂಟಿಯರ್ ನಿಂತಿರುತ್ತಾರೆ. ಸಂಬಳ ಇಲ್ಲ. ಏನಾದರೂ ಕೆಟ್ಟರೆ ಮಾತ್ರ ಎರಡೂ ಕಡೆಯಿಂದ ಬೈಸಿಕೊಳ್ಳುವುದು ಅವರೇ.

ಹಾಗಾಗಿ ಆ ವಾಲಂಟಿಯರ್ ಬೆನ್ನಿಗೆ ಯಾರು ಅನ್ನುವುದನ್ನು ನಾನು ಮೊದಲು ಗಟ್ಟಿ ಮಾಡಿಕೊಳ್ಳುತ್ತೇನೆ. ತರಬೇತಿ, ಪುಸ್ತಕ, ಸ್ಲೈಡು ಎಲ್ಲ ಆಮೇಲೆ.

ಜನರನ್ನು ಕೇಳುವ ರೀತಿಯಿಂದಲೇ ಇದು ಶುರು. 'ಬಿಡುವಾದಾಗ ಬಂದು ಸ್ವಲ್ಪ ಸಹಾಯ ಮಾಡಿ' ಅಂತ ನಾನು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಬರುವುದಿಲ್ಲ. 'ಈ ಹುಡುಗನನ್ನು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೊಮ್ಮೆ ಮನೆಗೆ ಹೋಗಿ ಮಾತಾಡಿಸಬೇಕು, ಮನೆಯವರನ್ನು ಬೇರೆಯಾಗಿ ಮಾತಾಡಿಸಬೇಕು, ಒಂದು ಪುಟ ಬರೆದು ಕೊಡಬೇಕು' ಅಂದರೆ ಕೆಲಸ ಎಷ್ಟು ಅಂತ ಅವರಿಗೂ ಗೊತ್ತಾಗುತ್ತದೆ. ಡಿಸೆಂಬರ್‌ನಲ್ಲಿ ಬಿಡುತ್ತೇನೆ ಅಂದರೆ ಬೇಜಾರಿಲ್ಲ. ಮುಗಿಯುವ ದಿನ ಗೊತ್ತಿರುವ ಕೆಲಸಕ್ಕೆ ಜನ ಧೈರ್ಯವಾಗಿ ಕೈ ಹಾಕುತ್ತಾರೆ.

ಬರುವವರಲ್ಲಿ ಮೂರು ಥರ. ವಿದೇಶದಲ್ಲಿ ವರ್ಷ ಕಳೆದು ಬಂದ ಹುಡುಗ ಹುಡುಗಿಯರು ಒಂದು ಕಡೆ. ಹುಮ್ಮಸ್ಸು ಜಾಸ್ತಿ, ಆದರೆ ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ಮಾಯ. ಅವರ ಕೆಲಸವನ್ನು ಪರೀಕ್ಷೆಯ ಕ್ಯಾಲೆಂಡರ್ ನೋಡಿಯೇ ಹಂಚಬೇಕು. ಹದಿನೇಳರ ಹುಡುಗಿಯ ಜವಾಬ್ದಾರಿಯನ್ನು ಹತ್ತೊಂಬತ್ತರ ಹುಡುಗನಿಗೆ ನಾನಂತೂ ಕೊಡುವುದಿಲ್ಲ. ಓರಿಯೆಂಟೇಷನ್ ಕ್ಯಾಂಪ್ ನಡೆಸಲಿ, ಅಲ್ಲಿ ಅವರನ್ನು ಮೀರಿಸುವವರಿಲ್ಲ. ಎರಡನೆಯವರು ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು. ಸಮಯ ಇದೆ, ತಾಳ್ಮೆ ಇದೆ. ಉಪದೇಶವೂ ಸ್ವಲ್ಪ ಇರುತ್ತದೆ! ಮೂರನೆಯವರು ಹಿಂದೆ ಹೋಸ್ಟ್ ಆಗಿದ್ದ ಅಮ್ಮಂದಿರು. ಹೊಸ ಹೋಸ್ಟ್ ಅಮ್ಮನಿಗೆ ರಾತ್ರಿ ಹತ್ತಕ್ಕೆ ಬರುವ ಅನುಮಾನಗಳನ್ನು ಇವರಷ್ಟು ಚೆನ್ನಾಗಿ ಬೇರೆ ಯಾರೂ ಬಗೆಹರಿಸುವುದಿಲ್ಲ.

ಹೊಸಬರನ್ನು ಮೊದಲ ಭೇಟಿಗೆ ಒಬ್ಬರನ್ನೇ ಕಳಿಸುವುದಿಲ್ಲ. ಹಳಬರ ಜೊತೆ ಹೋಗಿ ಸುಮ್ನೆ ಕೂತು ನೋಡಬೇಕು. ಕೈಯಲ್ಲೊಂದು ನೋಟ್‌ಬುಕ್, ಹಾಳೆಯ ನಡುವೆ ಗೆರೆ. ಎಡಕ್ಕೆ 'ಕಂಡಿದ್ದು', ಬಲಕ್ಕೆ 'ಅಂದುಕೊಂಡಿದ್ದು'. ಕಂಡದ್ದನ್ನು, ಅದಕ್ಕೆ ನಾವು ಹಚ್ಚುವ ಅರ್ಥವನ್ನು, ಕೊಡುವ ತೀರ್ಪನ್ನು ಬೇರೆ ಬೇರೆ ಇಡುವ ಈ ಅಭ್ಯಾಸ ವಿನಿಮಯ ಸಂಸ್ಥೆಗಳ ತರಬೇತಿಯಲ್ಲಿ ಹಳೆಯದು. ನಾನು ಅದನ್ನು ಎರಡು ಕಲಂಗೆ ಇಳಿಸಿಕೊಂಡಿದ್ದೇನೆ, ಅಷ್ಟೇ.

ಕುವೆಂಪುನಗರದ ಒಂದು ಮನೆಗೆ ಹೀಗೇ ಹೋಗಿದ್ದೆವು. ಊಟದ ಹೊತ್ತು. ಹುಡುಗಿ ತಾನು ತಿನ್ನುತ್ತಿದ್ದ ಚಮಚವನ್ನೇ ಪಲ್ಯದ ಪಾತ್ರೆಗೆ ಹಾಕಿ ಬಡಿಸಿಕೊಂಡಳು. ಅಜ್ಜಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿ ಮಾತ್ರ ಖುಷಿಯಾಗಿ ಪಲ್ಯ ತಿನ್ನುತ್ತಿದ್ದಳು.

ಆಮೇಲೆ ಹತ್ತಿರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಹೊಸ ವಾಲಂಟಿಯರ್ ನೋಟ್‌ಬುಕ್ ತೋರಿಸಿದರು. ಬಲಗಡೆ, 'ಅಜ್ಜಿಗೆ ಹುಡುಗಿಯನ್ನು ಕಂಡರೆ ಆಗಲ್ಲ.' ಎಡಗಡೆ ಖಾಲಿ.

'ಏನು ಕಂಡಿತು, ಅದನ್ನಷ್ಟೇ ಹೇಳಿ' ಅಂದೆ.

'ಚಮಚ ಪಾತ್ರೆಗೆ ಹಾಕಿದಳು. ಅಜ್ಜಿ ಎದ್ದರು.' ಸ್ವಲ್ಪ ಹೊತ್ತು ಬಿಟ್ಟು, 'ಓ, ಎಂಜಲು! ಅವಳಿಗೆ ಗೊತ್ತೇ ಇಲ್ಲ ಅಲ್ವಾ ಮೇಡಂ?'

ಈಗಲೇ ಹೋಗಿ ಹುಡುಗಿಗೆ ಹೇಳಿಬಿಡುತ್ತೇನೆ ಅಂತ ಅವರು ಎದ್ದೇಬಿಟ್ಟರು. ಯಾರು ಹೇಳಿದರೆ ಚೆನ್ನ ಅಂತ ಕೇಳಿ ನಾನು ಸುಮ್ಮನಾದೆ. ಯೋಚನೆ ಮಾಡಿ, ಹೋಸ್ಟ್ ಅಮ್ಮನಿಗೆ ಫೋನ್ ಹಚ್ಚಿದರು. 'ಅಕ್ಕಾ, ಅವಳಿಗೆ ಇದನ್ನ ಯಾರೂ ಹೇಳಿಕೊಟ್ಟಿಲ್ಲ. ನಿಮ್ಮ ಮಗಳಿಗೆ ಚಿಕ್ಕವಳಿದ್ದಾಗ ಹೇಗೆ ಹೇಳಿಕೊಟ್ರೋ ಹಾಗೇ ಹೇಳಿಬಿಡಿ' ಅಂದರು. ಮನೆಯ ಪದ್ಧತಿಯನ್ನು ಮನೆಯವರೇ ಹೇಳಿದರೆ ಅದು ಕಲಿಕೆ. ಹೊರಗಿನವರು ಬಂದು ಹೇಳಿದರೆ ಮಗುವಿನ ಕಿವಿಗೆ ಅದು ದೂರಿನ ಹಾಗೆ ಕೇಳುತ್ತದೆ. ಇದನ್ನು ನಾನು ಮೊದಲೇ ಹೇಳಿಬಿಟ್ಟಿದ್ದರೆ, ಮುಂದಿನ ಸಲವೂ ನನಗೇ ಫೋನ್ ಬರುತ್ತಿತ್ತು.

ಮಾತಿನಲ್ಲಿ ಬಗೆಹರಿಯದ, ಕಾಗದ ಮತ್ತು ಕಾನೂನಿನ ವಿಷಯಗಳೂ ಇವೆ. ಅಲ್ಲಿ ಯೋಚನೆಗೆ ಜಾಗ ಇಲ್ಲ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ, ಅವರು ಇಲ್ಲಿ ತಂಗಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಹಿಂದೆ ಫಾರ್ಮ್ ಸಿ ಅನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ತುಂಬಬೇಕು. ಹೋಸ್ಟ್ ಅಪ್ಪ ಆಫೀಸಿಗೆ ಹೋಗಿದ್ದಾರೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅದಕ್ಕೇ ಮಗು ಬರುವ ದಿನ ವಾಲಂಟಿಯರ್ ಪಕ್ಕದಲ್ಲಿ ಕೂತು ಫಾರ್ಮ್ ಮುಗಿಸಿಯೇ ಏಳುತ್ತಾರೆ. ಇನ್ನೊಂದು, ಪೋಕ್ಸೋ. 2012ರ ಈ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಇದನ್ನು ಹೇಳಿದಾಗ ಹೊಸಬರ ಮುಖದಲ್ಲಿ ಗಾಬರಿ. ಆಗ ನಾನು ಹೇಳುವುದಿಷ್ಟು: ವಿಚಾರಣೆ ಮಾಡುವುದು ನಿಮ್ಮ ಕೆಲಸವಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ, 'ಯಾರಿಗೂ ಹೇಳಲ್ಲ' ಅಂತ ಭಾಷೆ ಕೊಡಬೇಡಿ, ತಕ್ಷಣ ನನಗೆ ಫೋನ್ ಮಾಡಿ, ನಾನು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ. ಠಾಣೆಗೆ ಇಬ್ಬರೂ ಒಟ್ಟಿಗೆ ಹೋಗೋಣ. ಕಾಯ್ದೆಯ ಹೆಸರಿಗೆ ಬಿಗಿದುಕೊಂಡಿದ್ದ ಮುಖ ಈ ಕೊನೆಯ ಮಾತಿಗೆ ಸಡಿಲವಾಗುತ್ತದೆ.

ವಾಲಂಟಿಯರ್ ಹೋಸ್ಟ್ ಮನೆಯವರ ನಂಟರೋ ಗೆಳೆಯರೋ ಆಗಿರಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ರೋಟರಿಯ ಯುವ ವಿನಿಮಯದಲ್ಲೂ ಕೌನ್ಸೆಲರ್ ಆಗುವವರು ಹೋಸ್ಟ್ ಕುಟುಂಬದವರಾಗಿರುವಂತಿಲ್ಲ. ಅಮೆರಿಕದಲ್ಲಂತೂ ಒಬ್ಬರೇ ಹೋಸ್ಟೂ ಮೇಲ್ವಿಚಾರಕರೂ ಆಗಬಾರದು ಅಂತ ಸರ್ಕಾರದ ನಿಯಮವೇ ಇದೆ. ನಮ್ಮೂರಲ್ಲಿ ಇದನ್ನು ಪಾಲಿಸುವುದು ಕಷ್ಟ, ಹೋಸ್ಟ್ ಮನೆಗಳು ಸಿಗುವುದೇ ಪರಿಚಯದಿಂದ. ಆದರೂ ಬಿಡಬಾರದು. ಸ್ವಂತ ಭಾವನ ಮನೆಯ ಮೇಲೆ ದೂರು ಬಂದರೆ ಯಾರು ತಾನೇ ನೆಟ್ಟಗೆ ಕೇಳಿಸಿಕೊಂಡಾರು?

ಎಲ್ಲಕ್ಕಿಂತ ಕಷ್ಟದ್ದು ಮನೆ ಬದಲಾಯಿಸುವುದು. ಹೊಂದಾಣಿಕೆ ಆಗಲೇ ಇಲ್ಲ, ಹುಡುಗನನ್ನು ಬೇರೆ ಮನೆಗೆ ಕರೆದುಕೊಂಡು ಹೋಗಬೇಕು. ಮನೆಯವರಿಗೆ ಅದು ಅವಮಾನ. ಹುಡುಗನಿಗೆ ಅಪರಾಧಿ ಭಾವ. ಇದಕ್ಕೆ ಯಾವತ್ತೂ ಇಬ್ಬರು ಹೋಗುತ್ತಾರೆ. ಒಬ್ಬರು ಹುಡುಗನ ಜೊತೆ ಸೂಟ್‌ಕೇಸ್ ತುಂಬಿಸುತ್ತಾರೆ, ಇನ್ನೊಬ್ಬರು ಹಾಲ್‌ನಲ್ಲಿ ಮನೆಯವರ ಮಾತು ಕೇಳಿಸಿಕೊಳ್ಳುತ್ತಾರೆ. ಸಮರ್ಥನೆ ಬೇಡ, ಕೇಳಿಸಿಕೊಂಡರೆ ಸಾಕು. ಮಾರನೆಯ ದಿನ ಆ ಇಬ್ಬರಿಗೂ ನಾನು ಫೋನ್ ಮಾಡುತ್ತೇನೆ. ಹುಡುಗ ಹೇಗಿದ್ದಾನೆ ಅಂತ ಮೊದಲು ಕೇಳುವುದಿಲ್ಲ. 'ನೀವು ರಾತ್ರಿ ನಿದ್ದೆ ಮಾಡಿದ್ರಾ?' ಅಂತ ಕೇಳುತ್ತೇನೆ. ಆ ಪ್ರಶ್ನೆಗೆ ಅತ್ತವರೂ ಇದ್ದಾರೆ.

1955ರಲ್ಲಿ ನಾರ್ವೆಯ ಸ್ವೆರ್ರೆ ಲೀಸ್‌ಗಾರ್ಡ್ ಅನ್ನುವ ಸಮಾಜಶಾಸ್ತ್ರಜ್ಞರು, ಫುಲ್‌ಬ್ರೈಟ್ ಅನುದಾನದಲ್ಲಿ ಅಮೆರಿಕಕ್ಕೆ ಹೋಗಿಬಂದವರನ್ನು ಮಾತಾಡಿಸಿ ಒಂದು ಏರಿಳಿತ ಗುರುತಿಸಿದರು. ಮೊದಲು ಖುಷಿ, ನಡುವೆ ಕುಸಿತ, ಆಮೇಲೆ ಚೇತರಿಕೆ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುವುದನ್ನು ಆಮೇಲಿನ ಸಂಶೋಧಕರು ಒಪ್ಪಿಲ್ಲ, ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಆದರೆ ನಮ್ಮೂರಲ್ಲಿ ಒಂದಂತೂ ಕಂಡಿದ್ದೇನೆ: ಆ ಕುಸಿತ ವಾಲಂಟಿಯರ್‌ಗಳಿಗೂ ಬರುತ್ತದೆ. ಆಗಸ್ಟ್‌ನಲ್ಲಿ ಸ್ವಾಗತ, ಹೂವಿನ ಹಾರ, ಫೋಟೋ. ಆಮೇಲೆ ದಸರಾ, ಗೊಂಬೆ ಕೂರಿಸುವುದು, ಜಂಬೂ ಸವಾರಿ. ನವೆಂಬರ್‌ಗೆ ಮಕ್ಕಳಿಗೆ ಮನೆಯ ನೆನಪು, ಶಾಲೆಯಲ್ಲಿ ಬೋರು. ವಾಲಂಟಿಯರ್‌ಗೆ ಫೋನ್ ರಿಂಗಾದರೆ ಎದೆ ಧಸಕ್. ಹಾಗಾಗಿ ನವೆಂಬರ್‌ನಲ್ಲಿ ವಾಲಂಟಿಯರ್‌ಗಳಿಗೆ ಅಂತಲೇ ಒಂದು ಸಂಜೆ ಸೇರುತ್ತೇವೆ. ಅವರ ಮನೆಯವರನ್ನೂ ಕರೆಯುತ್ತೇವೆ. 'ಇದರಿಂದ ನಿನಗೇನು ಸಿಗುತ್ತೆ?' ಅಂತ ಕೇಳುವ ಗಂಡ, ಅತ್ತೆ ಅಲ್ಲಿ ಬಂದು ಬಿಸಿಬೇಳೆಬಾತ್ ತಿಂದು ಆ ಮಕ್ಕಳನ್ನು ನೋಡಿ ಹೋದರೆ, ಮುಂದೆ ರಾತ್ರಿ ಬರುವ ಫೋನಿಗೆ ಮುಖ ಸಿಂಡರಿಸುವುದು ಕಡಿಮೆಯಾಗುತ್ತದೆ. ರಾತ್ರಿ ಫೋನಿಗೂ ಪಾಳಿ ಇದೆ. ಪಾಳಿ ಇಲ್ಲದವರು ಫೋನ್ ಆಫ್ ಮಾಡಿ ಮಲಗಬಹುದು, ಮಲಗಲೇಬೇಕು.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪೆಟ್ರೋಲು, ಆಟೋ, ಮಗುವಿಗೆ ಕೊಡಿಸಿದ ಕಾಫಿ ತಿಂಡಿ ಎಲ್ಲ ಸೇರಿದರೆ ಸಣ್ಣ ಮೊತ್ತವಲ್ಲ. ಸೇವೆ ಅಂದಮೇಲೆ ಕೇಳುವುದು ಹೇಗೆ ಅಂತ ನಮ್ಮ ಜನಕ್ಕೆ ಸಂಕೋಚ. ಕೇಳಲಿ ಅಂತ ಕಾದರೆ ಯಾರೂ ಕೇಳುವುದಿಲ್ಲ, ಮೆಲ್ಲಗೆ ಬರುವುದನ್ನೇ ಬಿಡುತ್ತಾರೆ. ತಿಂಗಳ ಕೊನೆಗೆ ನಾನೇ ಲೆಕ್ಕ ಕೇಳಿ ಯುಪಿಐ ಮಾಡಿಬಿಡುತ್ತೇನೆ. ಬೇಡ ಅಂದವರು ಘಟಕಕ್ಕೇ ವಾಪಸ್ ಕೊಡಲಿ, ಅದು ಅವರ ಇಷ್ಟ.

ಬಿಟ್ಟು ಹೋಗುವವರಿಗೆ ಒಂದು ಪತ್ರ ಕೊಡುತ್ತೇವೆ. 'ಉತ್ತಮ ಸೇವೆ ಸಲ್ಲಿಸಿದ್ದಾರೆ' ಅನ್ನುವ ಮಾಮೂಲಿ ಸಾಲಲ್ಲ. ಯಾವ ಕ್ಯಾಂಪ್ ನಡೆಸಿದರು, ಎಷ್ಟು ಮಕ್ಕಳನ್ನು ನೋಡಿಕೊಂಡರು, ಯಾವ ಬಿಕ್ಕಟ್ಟು ನಿಭಾಯಿಸಿದರು ಅಂತ ಮಕ್ಕಳ ಹೆಸರಿಲ್ಲದೆ ಬರೆದಿರುತ್ತದೆ. ಕೆಲಸದ ಇಂಟರ್‌ವ್ಯೂಗೆ ಅದನ್ನು ತೆಗೆದುಕೊಂಡು ಹೋದ ಹುಡುಗರಿದ್ದಾರೆ. ಅವರಲ್ಲಿ ಕೆಲವರು ಈಗ ಬೆಂಗಳೂರಲ್ಲಿ ಕೆಲಸಕ್ಕಿದ್ದು, ವಿಮಾನ ನಿಲ್ದಾಣಕ್ಕೆ ಮಕ್ಕಳನ್ನು ಕರೆತರಲು ಹೋಗುವ ಪಾಳಿ ತಾವೇ ಹಂಚಿಕೊಂಡಿದ್ದಾರೆ. ಈ ಸಲದ ಪಟ್ಟಿಯೂ ಆಗಲೇ ತುಂಬಿದೆ.